ಬರೀ ನವಣೆ ತಿಂದ ಬಡ್ಜಿ ಜೋಡಿಯ ಊಟ ದುರಸ್ತಿ: ಕೆಲಸದ ದಾಖಲೆ

ಮೈಸೂರಿನ ಕುವೆಂಪುನಗರದ ಮನೆಯೊಂದರ ವರಾಂಡದ ಪಂಜರ ಇದು. ಒಳಗೆ ಎರಡು ಬಡ್ಜಿ, ಅಂಗಡಿಯವರು ಲವ್‌ಬರ್ಡ್ಸ್ ಎಂದು ಮಾರುವಂಥವು. ನೀಲಿ ಗಂಡು, ಹಸಿರು ಹೆಣ್ಣು. ತಂದಾಗಿನಿಂದ ಊಟ ಒಣ ನವಣೆ, ಮೇಲೆ ಒಂದಿಷ್ಟು ಸೂರ್ಯಕಾಂತಿ ಬೀಜ. ಗಂಡು ಪದೇ ಪದೇ ಸೀನುತ್ತಿತ್ತು, ಮೂಗಿನ ತೂತಿನ ಮೇಲಿನ ಗರಿ ಅಂಟಂಟಾಗಿತ್ತು. ಹೆಣ್ಣಿನ ಅಂಗಾಲು ನುಣ್ಣಗೆ ಕೆಂಪಾಗಿ, ಕೊಕ್ಕು ಪದರ ಪದರವಾಗಿ ಏಳುತ್ತಿತ್ತು. ನೀರಿಗೆ ದಿನಾ ವಿಟಮಿನ್ ಹನಿ ಹಾಕುತ್ತಿದ್ದರೂ ಗುಣ ಕಂಡಿರಲಿಲ್ಲ. ಕೆಡುಕು ಇದ್ದದ್ದು ಊಟದ ಬಟ್ಟಲಲ್ಲಿ, ಹಾಗಾಗಿ ದುರಸ್ತಿಯೂ ಅಲ್ಲೇ ಆಗಬೇಕಿತ್ತು. ಬೇರೆ ಹೇಳದಿದ್ದರೆ ಕೆಳಗಿನ ಅಳತೆಗಳೆಲ್ಲ ಎರಡು ಹಕ್ಕಿಗೆ.

ತಪಾಸಣೆ

ಮೊದಲ ಕೆಲಸ ತೂಕ. ಒಂದು ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು. ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ಊಟ ಇಡುವ ಮುಂಚೆ ತೂಗಬೇಕು. ದಿನದೊಳಗೇ ಒಂದೆರಡು ಗ್ರಾಂ ಏರಿಳಿಯುವುದರಿಂದ ಹೊತ್ತು ತಪ್ಪಿದರೆ ಲೆಕ್ಕ ಕೆಡುತ್ತದೆ. ಗಾಳಿತೂತಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಕೊಂಡರೆ ಹಕ್ಕಿಯನ್ನು ಒಳಗೆ ಬಿಟ್ಟು ಓದಬಹುದು. ಗಂಡು 31 ಗ್ರಾಂ, ಹೆಣ್ಣು 38 ಗ್ರಾಂ.

ಹಿಡಿಯುವಾಗ ತೆಳು ಹತ್ತಿಬಟ್ಟೆ ಇರಲಿ. ತಲೆಯನ್ನು ಎರಡು ಬೆರಳ ನಡುವೆ ನಿಲ್ಲಿಸಿ, ಎದೆಯನ್ನು ಮಾತ್ರ ಒತ್ತಬಾರದು. ಹಕ್ಕಿಗೆ ನಮ್ಮ ಹಾಗೆ ಉಸಿರಾಟದ ವಪೆ (ಎದೆ ಹೊಟ್ಟೆಯ ನಡುವಿನ ಸ್ನಾಯುಪದರ) ಇಲ್ಲ, ಎದೆಗೂಡು ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರು. ಗಟ್ಟಿಯಾಗಿ ಹಿಡಿದರೆ ಕೈಯಲ್ಲೇ ಸಾಯುತ್ತದೆ. ಹಿಡಿದದ್ದು ಒಂದು ನಿಮಿಷದೊಳಗೆ ಮುಗಿಯಬೇಕು.

ಆ ಒಂದು ನಿಮಿಷದಲ್ಲಿ ನೋಡಿದ್ದು ಇಷ್ಟು. ಎದೆಮೂಳೆಯ ಎರಡೂ ಬದಿ ಮಾಂಸ ಇದೆಯೇ: ಗಂಡಿನ ಮೂಳೆ ಬೆರಳಿಗೆ ಚೂಪಾಗಿ ಸಿಗುತ್ತಿತ್ತು. ಟಾರ್ಚ್ ಹಾಕಿ ಬಾಯೊಳಗೆ: ಅಂಗುಳಿನ ಸೀಳಿನ ಅಂಚಿನಲ್ಲಿ ಮುಳ್ಳಿನಂಥ ಸಣ್ಣ ಮೊನೆಗಳು ಸಾಲಾಗಿ ಇರಬೇಕು. ಗಂಡಿನಲ್ಲಿ ಅವು ಸವೆದು ಮೊಂಡಾಗಿದ್ದವು. ಇದು ವಿಟಮಿನ್ ಎ ಕೊರತೆಯ ಕಡೆ ಬೆರಳು ತೋರಿಸುವ ಗುರುತು. ಅಂಗಾಲು: ಆರೋಗ್ಯವಂತ ಹಕ್ಕಿಯ ಅಂಗಾಲಲ್ಲಿ ಸಣ್ಣ ಹರಳು ಹರಳಾಗಿ ಚರ್ಮ ಕಾಣುತ್ತದೆ, ಹೆಣ್ಣಿನ ಅಂಗಾಲಲ್ಲಿ ಆ ಹರಳೇ ಅಳಿಸಿಹೋಗಿತ್ತು.

ಬರೀ ಕಾಳಿನ ಊಟದಿಂದ ಹೀಗಾಗಲು ಕಾರಣ ಸ್ಪಷ್ಟ. ನವಣೆಯಲ್ಲಿ ವಿಟಮಿನ್ ಎ ಆಗಿ ಬದಲಾಗುವ ಕ್ಯಾರೋಟಿನ್ ಇಲ್ಲವೆನ್ನುವಷ್ಟು ಕಡಿಮೆ. ಮೂಗು, ಬಾಯಿ, ಕಣ್ಣು, ಮೂತ್ರಪಿಂಡಗಳ ಒಳಪದರ ತೇವವಾಗಿ ಮೆತ್ತಗಿರಲು ಆ ವಿಟಮಿನ್ ಬೇಕೇ ಬೇಕು. ಇಲ್ಲದಿದ್ದರೆ ಆ ಪದರ ಒಣಗಿ ಗಡುಸಾಗುತ್ತದೆ, ಗ್ರಂಥಿಗಳ ಬಾಯಿ ಕಟ್ಟಿಕೊಳ್ಳುತ್ತದೆ, ರೋಗಾಣುವಿಗೆ ದಾರಿ ಸಲೀಸಾಗುತ್ತದೆ. ಸೀನುವ ಹಕ್ಕಿಗೆ ಆಂಟಿಬಯೋಟಿಕ್ ಕೊಟ್ಟಾಗ ಒಂದು ವಾರ ಸುಧಾರಿಸಿ ಮತ್ತೆ ಅದೇ ಕಥೆ ಆಗುವುದು ಇದರಿಂದಲೇ.

ಕೊರತೆಯೇ ಹೌದೇ?

ಇಲ್ಲಿ ಅವಸರ ಮಾಡಬಾರದು. ಕೊರತೆಯಂತೆ ಕಾಣುವ ಬೇರೆ ಕಾಯಿಲೆಗಳಿವೆ, ಅವಕ್ಕೆ ಸೊಪ್ಪು ಮದ್ದಲ್ಲ. ಕೊಕ್ಕಿನ ಬುಡ, ಕಣ್ಣಿನ ಸುತ್ತ, ಕಾಲಿನ ಮೇಲೆ ಬೂದು ಬಣ್ಣದ ಒರಟು ಪೊರೆ, ಅದರಲ್ಲಿ ಜೇನುಗೂಡಿನಂತೆ ಸಣ್ಣ ತೂತುಗಳಿದ್ದರೆ ಅದು ನುಸಿ. ಐವರ್‌ಮೆಕ್ಟಿನ್ ಬೇಕಾಗುತ್ತದೆ, ಅದನ್ನು ವೈದ್ಯರೇ ತೂಕ ನೋಡಿ ಹನಿಸಬೇಕು. ಬಾಯೊಳಗಿನ ಬಿಳಿ ಕಲೆ ಶಿಲೀಂಧ್ರದ್ದೂ ಆಗಿರಬಹುದು, ಟ್ರೈಕೊಮೊನಾಸ್ ಎಂಬ ಪರಜೀವಿಯದ್ದೂ ಆಗಿರಬಹುದು. ಕಾಳು ಕಾಳಾಗಿಯೇ ಹಿಕ್ಕೆಯಲ್ಲಿ ಬಂದು, ತಿಂದರೂ ತಿಂದರೂ ಹಕ್ಕಿ ಸೊರಗುತ್ತಿದ್ದರೆ ಹೊಟ್ಟೆಯ ಸೋಂಕು. ಸೀನು, ಕಣ್ಣಲ್ಲಿ ನೀರು, ಹಸಿರು ಹಿಕ್ಕೆ, ಮಂಕು ಎಲ್ಲ ಒಟ್ಟಿಗೆ ಬಂದರೆ ಸಿಟ್ಟಾಕೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಅದು ಮನುಷ್ಯರಿಗೂ ಅಂಟಿ ನ್ಯುಮೋನಿಯಾ ತರುತ್ತದೆ, ಆದ್ದರಿಂದ ಪಂಜರ ತೊಳೆಯುವವರು ಮೂಗು ಬಾಯಿ ಮುಚ್ಚಿಕೊಂಡು, ಧೂಳೆಬ್ಬಿಸದೆ, ಒದ್ದೆ ಮಾಡಿ ಒರೆಸಬೇಕು.

ಈ ಜೋಡಿಯನ್ನು ಹಕ್ಕಿ ನೋಡಿ ಅನುಭವವಿರುವ ಪಶುವೈದ್ಯರಿಗೆ ತೋರಿಸಿ, ಹಿಕ್ಕೆ ಪರೀಕ್ಷೆ ಮಾಡಿಸಿ, ಸೋಂಕಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಊಟ ಬದಲಿಸಲು ಶುರು. ಗಂಡಿಗೆ ವೈದ್ಯರು ವಿಟಮಿನ್ ಎ ಚುಚ್ಚುಮದ್ದು ಒಂದು ಸಲ ಕೊಟ್ಟರು. ಬಾಯಲ್ಲಿ ಗುರುತು ಕಾಣುವಷ್ಟು ಕೊರತೆ ಮುಂದುವರಿದಿದ್ದರೆ ಆಹಾರವೊಂದೇ ಬೇಗ ಎತ್ತಿ ನಿಲ್ಲಿಸಲಾರದು. ಮನೆಯಲ್ಲಿ ಮಾತ್ರ ಮನುಷ್ಯರ ಎ-ಡಿ ಕ್ಯಾಪ್ಸೂಲ್ ಚುಚ್ಚಿ ಹಿಂಡುವ ಸಾಹಸ ಬೇಡ. ಎ ಮತ್ತು ಡಿ ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುತ್ತವೆ. ಮೂವತ್ತು ಗ್ರಾಂ ಜೀವಕ್ಕೆ ಒಂದು ಹನಿ ಹೆಚ್ಚಾದರೂ ಅದು ವಿಷ. ಸೊಪ್ಪು ತರಕಾರಿಯ ಕ್ಯಾರೋಟಿನ್‌ನಲ್ಲಿ ಆ ಭಯವಿಲ್ಲ, ಬೇಕಾದಷ್ಟನ್ನೇ ದೇಹ ವಿಟಮಿನ್ ಮಾಡಿಕೊಳ್ಳುತ್ತದೆ.

ನೀರಿಗೆ ಹಾಕುವ ಹನಿ ಯಾಕೆ ಫಲ ಕೊಡಲಿಲ್ಲ ಅಂದರೆ, ಬಡ್ಜಿ ಕುಡಿಯುವುದೇ ದಿನಕ್ಕೆ ಕೆಲವು ಮಿಲಿ ಲೀಟರ್. ಬೆಳಕಿಗೆ ಬಿದ್ದ ವಿಟಮಿನ್ ಎ ನೀರಲ್ಲಿ ಕೆಡುತ್ತಾ ಹೋಗುತ್ತದೆ, ಸಿಹಿ ಕೂಡಿದ ನೀರಲ್ಲಿ ರೋಗಾಣು ಬೆಳೆಯುತ್ತದೆ, ರುಚಿ ಬದಲಾದರೆ ಹಕ್ಕಿ ಕುಡಿಯುವುದನ್ನೇ ಕಡಿಮೆ ಮಾಡುತ್ತದೆ. ಒಣ ಕಾಳಿಗೆ ಪುಡಿ ಬೆರೆಸಿದರೂ ಅಷ್ಟೇ: ಬಡ್ಜಿ ಪ್ರತಿ ಕಾಳನ್ನೂ ಸುಲಿದು ತಿನ್ನುವ ಹಕ್ಕಿ, ಪುಡಿ ಹೊಟ್ಟಿನ ಜೊತೆ ತಟ್ಟೆಗೆ ಬೀಳುತ್ತದೆ.

ಮೊಳಕೆ

ನವಣೆ ಬಿಟ್ಟು ಬೇರೇನೂ ಮುಟ್ಟದ ಹಕ್ಕಿಯ ಮುಂದೆ ಕ್ಯಾರೆಟ್ ಇಟ್ಟರೆ ಅದು ಅದನ್ನು ಊಟವೆಂದೇ ಗುರುತಿಸುವುದಿಲ್ಲ. ನಡುವೆ ಒಂದು ಮೆಟ್ಟಿಲು ಬೇಕು. ಮೊಳಕೆ ಕಾಳು ಆ ಮೆಟ್ಟಿಲು: ಆಕಾರ ಗೊತ್ತಿರುವ ಕಾಳಿನದೇ, ಆದರೆ ತೇವವಾಗಿದೆ, ಮೆತ್ತಗಿದೆ, ಮೇಲೆ ಉದುರಿಸಿದ್ದು ಅಂಟಿಕೊಳ್ಳುತ್ತದೆ.

ರಾಗಿ ಮೊಳಕೆ ಕಟ್ಟುವುದು ಮೈಸೂರು ಮಂಡ್ಯದ ಮನೆಗಳಿಗೆ ಹೊಸದೇನಲ್ಲ, ಮಕ್ಕಳ ಸರಿಹಿಟ್ಟಿಗೆ ಕಟ್ಟುವ ರೀತಿಯೇ ಇಲ್ಲಿಯೂ. ರಾಗಿಗೆ ಇನ್ನೊಂದು ಗುಣವಿದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ನವಣೆಯಲ್ಲಿ ಸುಮಾರು 30 ಮಾತ್ರ. ವಿಟಮಿನ್ ಎ ಮಾತ್ರ ರಾಗಿಯಿಂದಲೂ ಸಿಗದು, ಅದಕ್ಕೆ ಸೊಪ್ಪೇ ಗತಿ.

ಕಾಳು ಕೊಳ್ಳುವಾಗ ಎರಡು ಎಚ್ಚರ. ಸಿರಿಧಾನ್ಯದ ಅಂಗಡಿಯಲ್ಲಿ ಸಿಗುವ ನವಣೆ ಅಕ್ಕಿ, ಸಾಮೆ ಅಕ್ಕಿ ಸಿಪ್ಪೆ ತೆಗೆದದ್ದು, ಮೊಳೆಯುವುದಿಲ್ಲ, ನೆನೆಸಿದರೆ ಹುಳಿಯುತ್ತದೆ. ಸಿಪ್ಪೆ ಸಮೇತದ ಕಾಳೇ ಬೇಕು. ಬಿತ್ತನೆ ಬೀಜ ಎಂದು ಮಾರುವುದನ್ನು ಮುಟ್ಟಲೇಬಾರದು, ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಗುಲಾಬಿ, ಕೆಂಪು ಬಣ್ಣ ಕಂಡರೆ ಅದೇ. ತಂದ ಕಾಳಿನಲ್ಲಿ 50 ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎರಡು ದಿನದಲ್ಲಿ 40ಕ್ಕಿಂತ ಕಡಿಮೆ ಮೊಳೆತರೆ ದಾಸ್ತಾನು ಹಳೆಯದು. ಮೊಳೆಯದ ಕಾಳು ಉಳಿದ ಕಾಳಿನ ನಡುವೆ ಕೊಳೆಯುತ್ತದೆ.

ಒಂದು ಸಲ ಕಟ್ಟುವ ಅಳತೆ: ರಾಗಿ ಎರಡು ಟೀ ಚಮಚ, ಸಿಪ್ಪೆ ಸಮೇತದ ನವಣೆ ಒಂದು ಚಮಚ. ಎರಡೂ ಒಂದೇ ಹೊತ್ತಿಗೆ ಮೊಳೆಯುವುದಿಲ್ಲ, ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಬೇಕು. ಮೂರು ನೀರು ತೊಳೆದು, ಎಂಟು ಗಂಟೆ ನೆನೆಸಿ (ಏಪ್ರಿಲ್ ಸೆಕೆಯಲ್ಲಿ ಆರು ಸಾಕು), ನೀರು ಬಸಿದು, ತೆಳು ಪಂಚೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಜರಡಿ ಮೇಲೆ ಇಟ್ಟು ಕೆಳಗೊಂದು ಪಾತ್ರೆ ಇಡಬೇಕು. ದಿನಕ್ಕೆ ಮೂರು ಸಲ ಗಂಟಿನ ಮೇಲೆ ನೀರು ಹರಿಸಿ ಪೂರ್ತಿ ಬಸಿಯಲು ಬಿಡಬೇಕು. ಬಿಳಿ ಮೂತಿ ಒಂದೆರಡು ಮಿಲಿಮೀಟರ್ ಹೊರಬಂದರೆ ಆಯಿತು. ಬೇಸಿಗೆಯಲ್ಲಿ ಒಂದು ದಿನ, ಡಿಸೆಂಬರ್ ಚಳಿಯಲ್ಲಿ ಎರಡು ದಿನ ಹಿಡಿಯುತ್ತದೆ.

ಕೆಡುವುದು ಬಹುಪಾಲು ಬಸಿಯುವ ಹಂತದಲ್ಲಿ. ಗಂಟಿನ ಒಳಗೆ ನೀರು ನಿಂತರೆ ಗಾಳಿಯಾಡದೆ ಹುಳಿ ಹಿಡಿಯುತ್ತದೆ. ಮೂಗಿನ ಹತ್ತಿರ ತಂದರೆ ಹಸಿ ಹುಲ್ಲಿನ ವಾಸನೆ ಬರಬೇಕು. ದೋಸೆ ಹಿಟ್ಟಿನ ಹುಳಿ ಬಂದರೆ, ಬೆರಳಿಗೆ ಲೋಳೆ ಹತ್ತಿದರೆ, ತೊಳೆದು ಉಳಿಸಲು ನೋಡದೆ ಪೂರ್ತಿ ಎಸೆಯಬೇಕು. ರಾಗಿ ಬೇರಿಗೆ ಮೂಡುವ ನವಿರಾದ ಬಿಳಿ ರೋಮವನ್ನು ಬೂಸ್ಟು ಎಂದು ತಪ್ಪು ತಿಳಿಯುವುದುಂಟು. ನೀರು ಹರಿಸಿದರೆ ಬೇರಿನ ರೋಮ ಬೇರಿಗೇ ಅಂಟಿ ಮಾಯವಾಗುತ್ತದೆ, ಬೂಸ್ಟು ಕಾಳಿನಿಂದ ಕಾಳಿಗೆ ಜೇಡರ ಬಲೆಯಂತೆ ಹಬ್ಬಿರುತ್ತದೆ. ಸಿದ್ಧವಾದ ಮೊಳಕೆ ಫ್ರಿಜ್‌ನಲ್ಲಿ ಎರಡು ದಿನ, ಪಂಜರದಲ್ಲಿ ಮೂರು ಗಂಟೆ, ಬೇಸಿಗೆಯಾದರೆ ಎರಡೇ ಗಂಟೆ.

ಬಡಿಸುವ ಮುಂಚೆ ಮೊಳಕೆಯ ಮೇಲೆ ನುಗ್ಗೆ ಸೊಪ್ಪಿನ ಪುಡಿ ಒಂದು ದೊಡ್ಡ ಚಿಟಿಕೆ. ಒದ್ದೆ ಕಾಳಿಗೆ ಅದು ಹತ್ತಿಕೊಳ್ಳುತ್ತದೆ, ಹೀಗಾಗಿ ಪುಡಿ ಒಂದಿಷ್ಟಾದರೂ ಹೊಟ್ಟೆ ಸೇರುತ್ತದೆ. ಸೊಪ್ಪನ್ನು ನೆರಳಲ್ಲೇ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಕ್ಯಾರೋಟಿನ್ ಹಾಳು. ಪುಡಿ ಹಸಿರಾಗಿರಬೇಕು. ಕಂದಿದರೆ ಹೊಸದು ಮಾಡಿಕೊಳ್ಳಿ.

ತಕ್ಕಡಿ ಹಿಡಿದು ಬದಲಾವಣೆ

ಮೊದಲ ವಾರ ಏನನ್ನೂ ಕಿತ್ತುಕೊಳ್ಳಲಿಲ್ಲ. ಸೂರ್ಯಕಾಂತಿ ಬೀಜ ಮಾತ್ರ ನಿಲ್ಲಿಸಿದ್ದು. ಅದರ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬೇ, ಅದು ಸಿಗುವವರೆಗೆ ಹಕ್ಕಿ ಬೇರೆಯದನ್ನು ಮೂಸುವುದೂ ಇಲ್ಲ. ಒಣ ಕಾಳು ಒಂದು ಹಕ್ಕಿಗೆ ಒಂದೂವರೆ ಚಮಚದಂತೆ ಅಳೆದು ಹಾಕಿ, ರಾತ್ರಿ ಎಷ್ಟು ಉಳಿದಿದೆ ನೋಡಿ ಬರೆದಿಟ್ಟುಕೊಂಡದ್ದು ಆ ವಾರದ ಕೆಲಸ. ಬಟ್ಟಲು ತುಂಬಿದಂತೆ ಕಂಡರೂ ಮೇಲಿರುವುದು ಬರೀ ಹೊಟ್ಟು, ಒಂದು ಸಲ ಊದಿ ನೋಡಿದರೆ ತಳ ಕಾಣುತ್ತದೆ. ಹೊಟ್ಟನ್ನೇ ಕಾಳೆಂದು ನಂಬಿ ಹಕ್ಕಿಯನ್ನು ಉಪವಾಸ ಕೆಡವಿದ ಮನೆಗಳು ಎಷ್ಟೋ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಊದಬೇಕು.

ಎರಡನೇ ವಾರದಿಂದ ಬೆಳಗಿನ ಹಸಿವನ್ನು ಬಳಸಿಕೊಂಡದ್ದು. ರಾತ್ರಿ ಒಣ ಕಾಳಿನ ಬಟ್ಟಲು ತೆಗೆದಿಟ್ಟು, ಬೆಳಿಗ್ಗೆ ಬೆಳಕಾದೊಡನೆ ಮೊಳಕೆ ಮಾತ್ರ. ಎಂಟೂವರೆಗೆ, ತಿಂದಿರಲಿ ಬಿಡಲಿ, ಒಣ ಕಾಳು ವಾಪಸ್. ಹಸಿದರೆ ತಾನೇ ತಿನ್ನುತ್ತದೆ ಎಂದು ಹಠ ಹಿಡಿಯುವುದು ಬಡ್ಜಿಯ ವಿಷಯದಲ್ಲಿ ಕೊಲೆಗೆ ಸಮ. ಇಷ್ಟು ಚಿಕ್ಕ ಹಕ್ಕಿ ಒಂದು ದಿನ ಪೂರ್ತಿ ಹೊಟ್ಟೆಗಿಲ್ಲದಿದ್ದರೆ ಜೀವಕ್ಕೇ ಅಪಾಯ.

ತೂಕದ ನಿಯಮ ಹೀಗೆ: 5 ಶೇಕಡ ಇಳಿದರೆ, ಅಂದರೆ ಗಂಡಿಗೆ ಒಂದೂವರೆ ಗ್ರಾಂ, ಹೆಣ್ಣಿಗೆ ಎರಡು ಗ್ರಾಂ, ಬದಲಾವಣೆ ಅಲ್ಲೇ ನಿಲ್ಲಿಸಬೇಕು. 10 ಶೇಕಡ ಇಳಿದರೆ ಹಳೆ ಊಟಕ್ಕೆ ಮರಳಿ ವೈದ್ಯರಿಗೆ ಫೋನ್. ಹಿಕ್ಕೆಯೂ ಮಾತಾಡುತ್ತದೆ. ತಿಂದ ಹಕ್ಕಿಯದು ಹಸಿರು ಸುರುಳಿ, ಬಿಳಿ ಸುಣ್ಣದಂಥ ಭಾಗ, ಸ್ವಲ್ಪ ನೀರು. ಹೊಟ್ಟೆ ಖಾಲಿಯಿದ್ದದ್ದರದು ಕಡುಹಸಿರು, ಅಂಟು, ಎಣಿಕೆಯಲ್ಲೂ ಕಡಿಮೆ. ಸೊಪ್ಪು ತಿಂದ ದಿನ ನೀರು ಹೆಚ್ಚಿರುತ್ತದೆ, ಅದು ಭೇದಿಯಲ್ಲ. ತಳಕ್ಕೆ ಬಿಳಿ ಕಾಗದ ಹಾಸಿದರೆ ಇದೆಲ್ಲ ಸುಲಭವಾಗಿ ಕಾಣುತ್ತದೆ, ಮಸಿ ತುಂಬಿದ ದಿನಪತ್ರಿಕೆಯಲ್ಲಿ ಬಣ್ಣ ತಿಳಿಯುವುದಿಲ್ಲ.

ಹೆಣ್ಣು ಮೊಳಕೆಯನ್ನು ಬೇಗ ಒಪ್ಪಿಕೊಂಡಿತು. ಗಂಡು ಹತ್ತಿರ ಬಂದು, ಕತ್ತು ಚಾಚಿ, ಒದ್ದೆ ಕಾಳು ಕೊಕ್ಕಿಗೆ ತಾಗಿದೊಡನೆ ತಲೆ ಕೊಡವಿ ಹಿಂದೆ ಸರಿಯುತ್ತಿತ್ತು. ಅದಕ್ಕೆ ಉಪಾಯ: ಮೊಳಕೆಯನ್ನು ಬಟ್ಟೆ ಮೇಲೆ ಹರಡಿ ಹತ್ತು ನಿಮಿಷ ಆರಿಸಿ, ಒಣ ಕಾಳಿನ ಜೊತೆ ಕಾಲು ಭಾಗ ಬೆರೆಸಿ, ಬಟ್ಟಲ ಬದಲು ಚಪ್ಪಟೆ ತಟ್ಟೆಯಲ್ಲಿ ನೆಲಕ್ಕೆ ಇಡುವುದು. ಆಸ್ಟ್ರೇಲಿಯಾದ ಬಯಲಲ್ಲಿ ಬಡ್ಜಿ ಗುಂಪಾಗಿ ನೆಲಕ್ಕಿಳಿದು ಹುಲ್ಲಿನ ಬೀಜ ಹೆಕ್ಕುವ ಹಕ್ಕಿ. ನೆಲದ ತಟ್ಟೆಯಲ್ಲಿ ಸಂಗಾತಿ ತಿನ್ನುವುದನ್ನು ಕಂಡರೆ ಅದೂ ಬಾಯಿ ಹಾಕುತ್ತದೆ. ತಟ್ಟೆ ಮಾತ್ರ ಕೂರುವ ಕಡ್ಡಿಯ ಕೆಳಗೆ ಬರಬಾರದು, ಹಿಕ್ಕೆ ಬೀಳುತ್ತದೆ.

ಸೊಪ್ಪು, ತರಕಾರಿ

ಮೊದಲ ಆಯ್ಕೆ ನುಗ್ಗೆ. ಹಿತ್ತಲಲ್ಲಿ ಮರವಿದ್ದರೆ ಔಷಧಿ ಹೊಡೆದಿರುವ ಚಿಂತೆಯೂ ಇಲ್ಲ. ಅಂಗೈ ಉದ್ದದ ಒಂದು ಕಡ್ಡಿಯನ್ನು ತೊಳೆದು, ನೀರು ತೊಟ್ಟಿಕ್ಕುವಂತೆಯೇ ಬಟ್ಟೆ ಕ್ಲಿಪ್‌ನಿಂದ ಕಂಬಿಗೆ ಸಿಕ್ಕಿಸಿದರೆ, ಮೊದಲು ಅದರಲ್ಲಿ ಮೈ ಉಜ್ಜಿ ಸ್ನಾನ ಮಾಡುತ್ತವೆ, ಆಮೇಲೆ ಎಲೆಯ ಅಂಚು ಕತ್ತರಿಸತೊಡಗುತ್ತವೆ. ಕತ್ತರಿಸಿ ಬಿಸಾಡುವುದೂ ಕಲಿಕೆಯೇ, ಎರಡು ದಿನಕ್ಕೆ ಸೋತು ನಿಲ್ಲಿಸಬಾರದು. ಕೊತ್ತಂಬರಿ, ಮೆಂತ್ಯ, ಹೊನಗೊನೆ ಸೊಪ್ಪು ಸರದಿಯಲ್ಲಿ ಬರಲಿ. ಪಾಲಕ್, ದಂಟಿನಲ್ಲಿ ಆಕ್ಸಲೇಟ್ ಹೆಚ್ಚು, ಕ್ಯಾಲ್ಸಿಯಂ ಹೀರದಂತೆ ಹಿಡಿದಿಡುತ್ತದೆ. ವಾರಕ್ಕೊಮ್ಮೆ ಸಾಕು. ದೇವರಾಜ ಮಾರುಕಟ್ಟೆಯಿಂದಾಗಲಿ ಸಂತೆಯಿಂದಾಗಲಿ ತಂದ ಸೊಪ್ಪನ್ನು ಅಗಲ ಪಾತ್ರೆಯಲ್ಲಿ ಕಾಲು ಗಂಟೆ ನೆನೆಸಿ ಮೂರು ನೀರು ತೊಳೆಯಬೇಕು. ಕರಿಬೇವನ್ನು ಮನೆಯದಾದರೆ ಮಾತ್ರ ಕೊಡಿ, ಹೊರಗಿನದಕ್ಕೆ ಔಷಧಿ ಜಾಸ್ತಿ ಬಿದ್ದಿರುತ್ತದೆ.

ತರಕಾರಿಯಲ್ಲಿ ಕ್ಯಾರೆಟ್, ಸಿಹಿಕುಂಬಳ, ಕೆಂಪು ದಪ್ಪ ಮೆಣಸಿನಕಾಯಿ. ಗೆಣಸಾದರೆ ಒಳಗೆ ಕಿತ್ತಳೆ ಬಣ್ಣದ್ದೇ ಆಗಬೇಕು, ಬಿಳಿ ತಿರುಳಿನದರಲ್ಲಿ ಕ್ಯಾರೋಟಿನ್ ಅತ್ಯಲ್ಪ. ಸೌತೆಕಾಯಿ ಬೇಸಿಗೆಯಲ್ಲಿ ಬಾಯಿಗೆ ತಂಪು, ಊಟಕ್ಕೆ ಲೆಕ್ಕವಿಲ್ಲ. ಕ್ಯಾರೆಟ್ಟನ್ನು ತುರಿದು, ಕೈಯಲ್ಲಿ ಹಿಂಡಿ ನೀರು ತೆಗೆದು, ಮೊಳಕೆಯಲ್ಲಿ ಕಲಸಿದಾಗ ಗಂಡಿನ ಕೊಕ್ಕಿನ ತುದಿ ಮೊದಲ ಸಲ ಕಿತ್ತಳೆಯಾದದ್ದು. ಎರಡು ಹಕ್ಕಿಗೆ ದಿನಕ್ಕೆ ಎರಡು ಚಮಚ ತುರಿ ಧಾರಾಳ.

ಬೆಣ್ಣೆಹಣ್ಣು ಹಕ್ಕಿಗೆ ನೇರ ವಿಷ, ಚೂರೂ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಕಾಫಿ, ಉಪ್ಪು ಹಾಕಿದ ತಿಂಡಿಗಳೂ ಬೇಡ.

ಅಕ್ಟೋಬರ್ ನವೆಂಬರ್‌ನಲ್ಲಿ ಮಂಡ್ಯದ ಕಡೆ ರಾಗಿ ಹಾಲುಗಾಳಿನ ಹಂತಕ್ಕೆ ಬಂದಾಗ ಔಷಧಿ ಹೊಡೆಯದ ಹೊಲದಿಂದ ನಾಲ್ಕು ತೆನೆ ತಂದರೆ ಅದಕ್ಕಿಂತ ಒಳ್ಳೆ ಮೆಟ್ಟಿಲಿಲ್ಲ. ಕಾಡು ಬಡ್ಜಿ ಮರಿ ಸಾಕುವುದು ಇಂಥ ಎಳೆ ಹುಲ್ಲುಬೀಜದ ಕಾಲದಲ್ಲೇ. ಉಳಿದ ತಿಂಗಳುಗಳಿಗೆ ಎರಡು ಇಂಚು ಮಣ್ಣು ತುಂಬಿದ ಟ್ರೇನಲ್ಲಿ ರಾಗಿ ಒತ್ತಾಗಿ ಚೆಲ್ಲಿ, ಬೆರಳುದ್ದ ಪೈರು ಬಂದ ಮೇಲೆ ಟ್ರೇಯನ್ನೇ ಪಂಜರದೊಳಗೆ ಇಡಬಹುದು.

ಕ್ಯಾಲ್ಸಿಯಂ, ಬಿಸಿಲು, ಅಯೋಡಿನ್

ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಎಂದು ಕೇಳಿದರೆ ಸಿಗುವ ಬಿಳಿ ಹಗುರ ತುಂಡೇ ಪೆಟ್ ಶಾಪ್‌ನ ಕಟಲ್‌ಬೋನ್. ಉಪ್ಪು ಹೋಗಲು ಎರಡು ದಿನ ನೀರು ಬದಲಿಸುತ್ತಾ ನೆನೆಸಿ, ಕುದಿಸಿ, ಒಣಗಿಸಿ, ಮೆತ್ತನೆ ಮುಖ ಹಕ್ಕಿಯ ಕಡೆ ಬರುವಂತೆ ಕಟ್ಟಬೇಕು. ಬೇಯಿಸಿದ ಮೊಟ್ಟೆಯ ಚಿಪ್ಪು ಪುಡಿ ಮಾಡಿದರೂ ನಡೆದೀತು. ಎಲೆ ಅಡಿಕೆಯ ಸುಣ್ಣ ಮಾತ್ರ ಬೇಡ, ಅದು ಬಾಯಿ ಸುಡುತ್ತದೆ.

ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಅದಕ್ಕೆ ಬಿಸಿಲು ಬೇಕು. ಗಾಜಿನ ಕಿಟಕಿ ಹಾದು ಬಂದ ಬಿಸಿಲಿನಲ್ಲಿ ಅದಕ್ಕೆ ಬೇಕಾದ ಕಿರಣ ಇರುವುದಿಲ್ಲ. ಪಂಜರವನ್ನು ಬೆಳಿಗ್ಗೆ ಅರ್ಧ ಗಂಟೆ ನೇರ ಬಿಸಿಲಿಗೆ ಇಟ್ಟು, ಅರ್ಧ ಭಾಗಕ್ಕೆ ಬಟ್ಟೆ ಹೊದಿಸಬೇಕು. ಬಾಯಿ ತೆರೆದು ರೆಕ್ಕೆ ಎತ್ತಿ ಹಿಡಿದರೆ ತಕ್ಷಣ ಒಳಗೆ. ಹದ್ದು, ಕಾಗೆ, ಬೆಕ್ಕು ಇರುವಲ್ಲಿ ಕಾವಲಿಲ್ಲದೆ ಬಿಡುವಂತಿಲ್ಲ.

ಹೆಣ್ಣಿನ ಕ್ಯಾಲ್ಸಿಯಂ ಸೋರಿಹೋಗಲು ಪಂಜರದಲ್ಲಿ ಗೂಡಿಗೆಂದು ಇಟ್ಟ ಮಡಕೆಯೂ ಕಾರಣವಾಗಿತ್ತು. ಮಡಕೆ ಇದ್ದಷ್ಟು ದಿನ ಅದು ಮೊಟ್ಟೆ ಇಡುತ್ತಲೇ ಇತ್ತು, ಒಂದೊಂದು ಚಿಪ್ಪಿಗೂ ತನ್ನ ಮೂಳೆಯಿಂದಲೇ ಸುಣ್ಣ ಕೊಡುತ್ತಿತ್ತು. ಮಡಕೆ ತೆಗೆದು, ಸಂಜೆ ಏಳಕ್ಕೇ ಪಂಜರಕ್ಕೆ ಬಟ್ಟೆ ಮುಚ್ಚಿ ಕತ್ತಲು ಮಾಡಿದ ಮೇಲೆ ಮೊಟ್ಟೆ ನಿಂತಿತು. ಹೆಣ್ಣು ಗರಿ ಉಬ್ಬಿಸಿ ನೆಲದಲ್ಲಿ ಕೂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ ಎಂದೇ ತಿಳಿದು, ಬೆಚ್ಚಗೆ ಇಟ್ಟುಕೊಂಡು ಅದೇ ಗಳಿಗೆ ಆಸ್ಪತ್ರೆಗೆ ಒಯ್ಯಬೇಕು. ಹೊಟ್ಟೆ ಒತ್ತಬಾರದು.

ಅಯೋಡಿನ್ ಕೊರತೆ ಈ ಜೋಡಿಯಲ್ಲಿ ಕಾಣಲಿಲ್ಲ. ಉಸಿರಾಡುವಾಗ ಕೀಚ್ ಅಥವಾ ಟಿಕ್ ಎಂಬ ಸದ್ದು, ದನಿ ಬದಲಾಗುವುದು, ತಿಂದದ್ದು ವಾಪಸ್ ಬರುವುದು ಅದರ ಗುರುತು. ಥೈರಾಯ್ಡ್ ಊದಿ ಶ್ವಾಸನಾಳವನ್ನು ಒತ್ತುವುದರಿಂದ ಹಾಗಾಗುತ್ತದೆ. ಲುಗೋಲ್ ಅಯೋಡಿನ್ ಅದಕ್ಕೆ ಮದ್ದು, ಆದರೆ ಹೆಚ್ಚಾದರೂ ಅದೇ ಗ್ರಂಥಿ ಕೆಡುವುದರಿಂದ ಪ್ರಮಾಣ ವೈದ್ಯರದು. ಮುನ್ನೆಚ್ಚರಿಕೆಗೆ ಹಕ್ಕಿಗಳ ಅಯೋಡಿನ್ ಬ್ಲಾಕ್ ಒಂದು ಕಟ್ಟಿದರೆ ಸಾಕು. ಗಂಟಲೂತ ಇರುವ ಹಕ್ಕಿಗೆ ಎಲೆಕೋಸು, ಸಾಸಿವೆ ಸೊಪ್ಪು ಕೊಡಬಾರದು, ಅವು ಅಯೋಡಿನ್ ಕೆಲಸಕ್ಕೆ ಅಡ್ಡಿ.

ಕೂರುವ ಕಡ್ಡಿ

ಅಂಗಾಲು ಹುಣ್ಣಾಗುವುದು ಅರ್ಧ ಊಟದಿಂದ, ಅರ್ಧ ನುಣುಪಾದ ಒಂದೇ ದಪ್ಪದ ಪ್ಲಾಸ್ಟಿಕ್ ಕಡ್ಡಿಯಿಂದ. ಭಾರ ಸದಾ ಒಂದೇ ಜಾಗಕ್ಕೆ ಬೀಳುತ್ತದೆ. ಅದನ್ನು ತೆಗೆದು ಸೀಬೆ ಕೊಂಬೆ ಮೂರು ಹಾಕಿದ್ದು, 10ರಿಂದ 15 ಮಿಲಿಮೀಟರ್ ದಪ್ಪದವು, ತೊಗಟೆ ಸಮೇತ. ಕುದಿನೀರು ಸುರಿದು ಎರಡು ದಿನ ಬಿಸಿಲಿಗೆ ಒಣಗಿಸಿ ಕಟ್ಟಬೇಕು. ಬೇವಿನದೂ ಆಗುತ್ತದೆ. ಅಗರಬತ್ತಿ, ಸಾಂಬ್ರಾಣಿ ಹೊಗೆ ಬರುವ ಕಡೆಯಿಂದ ಪಂಜರ ದೂರವಿರಲಿ. ನಾನ್‌ಸ್ಟಿಕ್ ಬಾಣಲೆ ಕಾದು ಹೊಗೆಯೆದ್ದರೆ ನಿಮಿಷಗಳಲ್ಲಿ ಹಕ್ಕಿ ಸಾಯುತ್ತದೆ, ಅಡುಗೆಮನೆಯ ಪಕ್ಕ ಪಂಜರ ಇಡಲೇಬಾರದು.

ಈಗಿನ ದಿನಚರಿ

ಬೆಳಿಗ್ಗೆ ಆರೂವರೆಗೆ ಮೊಳಕೆ ಎರಡು ಚಮಚ, ಕ್ಯಾರೆಟ್ ಅಥವಾ ಕುಂಬಳದ ತುರಿ ಎರಡು ಚಮಚ, ನುಗ್ಗೆ ಪುಡಿ. ಎಂಟೂವರೆಗೆ ಅದನ್ನು ತೆಗೆದು ಒಣ ಕಾಳು ಒಂದು ಚಮಚ. ಮಧ್ಯಾಹ್ನ ಒದ್ದೆ ಸೊಪ್ಪಿನ ಕಟ್ಟು. ನಾಲ್ಕೂವರೆಗೆ ಒಣ ಕಾಳು ಮತ್ತೊಂದು ಚಮಚ, ಮಲಗುವ ಮುಂಚೆ ಹೊಟ್ಟೆ ತುಂಬಲಿ ಎಂದು. ಒಣ ಮಿಶ್ರಣ: ನವಣೆ ಮೂರು ಪಾಲು, ರಾಗಿ ಎರಡು, ಬರಗು ಎರಡು, ಕ್ಯಾನರಿ ಸೀಡ್ ಎರಡು, ಭತ್ತ ಒಂದು. ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆ ಅರ್ಧ ಚಮಚ, ಗರಿ ಉದುರುವ ಕಾಲದಲ್ಲಿ ಮೂರು ಸಲ. ಗರಿ ಬಹುಪಾಲು ಪ್ರೋಟೀನ್, ಕಾಳಿನ ಪ್ರೋಟೀನ್ ಒಂದೇ ಅದಕ್ಕೆ ಸಾಲದು. ಮೊಟ್ಟೆಯನ್ನು ಎರಡು ಗಂಟೆಯೊಳಗೆ ತೆಗೆಯಬೇಕು. ನೀರಿನ ಹನಿ ಪೂರ್ತಿ ನಿಂತಿದೆ. ಮುಂದೆ ಪೆಲೆಟ್ (ಕಂಪನಿಗಳು ಮಾಡುವ ಗುಳಿಗೆಯಂಥ ಹಕ್ಕಿ ಆಹಾರ) ಶುರು ಮಾಡಿದರೆ ಅದರಲ್ಲೇ ವಿಟಮಿನ್ ಸೇರಿರುತ್ತದೆ, ಮೇಲೆ ಮತ್ತೆ ಹನಿ ಹಾಕಿದರೆ ಎರಡು ಪಟ್ಟಾಗುತ್ತದೆ.

ಗಂಡಿನ ಸೀನು ಮೊದಲು ನಿಂತಿತು, ಮೂಗಿನ ಮೇಲಿನ ಗರಿ ಒಣಗಿತು, ತೂಕ 34ಕ್ಕೆ ಏರಿ ಅಲ್ಲೇ ನಿಂತಿದೆ. ಅಂಗುಳಿನ ಮೊನೆಗಳು ಇನ್ನೂ ಮೊಂಡಾಗಿಯೇ ಇವೆ, ಹಳೆಯ ಕೊರತೆಯಲ್ಲಿ ಅವು ಪೂರ್ತಿ ಮರಳದೆಯೂ ಇರಬಹುದು. ಹೆಣ್ಣಿನ ಅಂಗಾಲಲ್ಲಿ ಹರಳು ಅಂಚಿನಿಂದ ಒಳಕ್ಕೆ ಮೂಡುತ್ತಿದೆ. ಕೊಕ್ಕಿನ ಹಳೆ ಪದರ ಬೆಳೆದು ಸವೆಯುವವರೆಗೂ ಹಾಗೇ ಕಾಣುತ್ತದೆ, ಉಗುರಿನಿಂದ ಕೀಳಬಾರದು. ಮಾಸಿದ ಗರಿ ಹೊಳಪಾಗುವುದು ಮುಂದಿನ ಸಲ ಗರಿ ಉದುರಿ ಹೊಸದು ಬಂದ ಮೇಲೆಯೇ. ದಿನಾ ತೂಗುತ್ತಿದ್ದದ್ದನ್ನು ಈಗ ವಾರಕ್ಕೊಮ್ಮೆಗೆ ಇಳಿಸಲಾಗಿದೆ.